ಮುಖವೆಂಬ ನ್ಯಾಸ

ಶರೀರವು ಯಾರದು ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಮರಣದ ಸನ್ನಿಧಿಯಲ್ಲಿಯೂ ತಪಸ್ಸಿನ ಏಕಾಂತದಲ್ಲಿಯೂ ಗುರುಶಿಷ್ಯರ ಸಂವಾದದಲ್ಲಿಯೂ ಎತ್ತಿಕೊಂಡರು. ಇಂದು ಅದೇ ಪ್ರಶ್ನೆಯು ಒಂದು ಮಿಲಿಲೀಟರ್ ಹಿಡಿಸುವ ಸಿರಿಂಜಿನ ತುದಿಯಲ್ಲಿ, ಚರ್ಮವೈದ್ಯರ ಕೋಣೆಯ ಬಿಳಿಯ ದೀಪದ ಕೆಳಗೆ, ನಮ್ಮ ನಮ್ಮ ಮನೆಯವರ ಮುಂದೆ ಬಂದು ನಿಂತಿದೆ. ಕೆನ್ನೆಯ ತಗ್ಗನ್ನು ತುಂಬುವುದಕ್ಕೆ, ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಯನ್ನು ಮಾಯಿಸುವುದಕ್ಕೆ, ಕಣ್ಣಿನ ಕೆಳಗಿನ ಗುಳಿಯನ್ನು ಮುಚ್ಚುವುದಕ್ಕೆ, ತುಟಿಗೆ ದುಂಡುತನವನ್ನು ತರುವುದಕ್ಕೆ ಚರ್ಮದ ಅಡಿಗೆ ಸೂಜಿಯಿಂದ ಇಳಿಸುವ, ಫಿಲ್ಲರ್ ಎಂದು ಈಗ ಎಲ್ಲರೂ ಕರೆಯುವ ಪದಾರ್ಥವನ್ನು ಕುರಿತು ವೈದ್ಯನು ಹೇಳತಕ್ಕದ್ದು ಬಹಳವುಂಟು. ಧರ್ಮಚಿಂತನೆಯಲ್ಲಿ ಆಸಕ್ತಿಯುಳ್ಳವನು ಹೇಳತಕ್ಕದ್ದೂ ಉಂಟೆಂದು, ಮತ್ತು ಆ ಎರಡು ಮಾತುಗಳನ್ನು ಒಂದರಿಂದ ಒಂದನ್ನು ಬಿಡಿಸಿ ಹೇಳುವುದು ಸಾಧ್ಯವಿಲ್ಲವೆಂದು ನನ್ನ ನಂಬಿಕೆ.

ಈ ವಿಷಯದಲ್ಲಿ ಎರಡು ಸುಲಭೋತ್ತರಗಳು ಸಿದ್ಧವಾಗಿವೆ. ದೇಹವು ನಶ್ವರ, ಜರೆಯು ಅದರ ಸ್ವಭಾವ, ಅದನ್ನು ತಿದ್ದಹೊರಟವನು ಮೂಢನೆಂದು ವಿರಕ್ತರ ಮಾತನ್ನು ಎರವಲಾಗಿ ತಂದು ಆಡುವವರು ಒಂದು ಕಡೆ. ನನ್ನ ದೇಹ, ನನ್ನ ಹಣ, ನನ್ನ ಇಷ್ಟ, ಇದರಲ್ಲಿ ಧರ್ಮಕ್ಕೇನು ಕೆಲಸವೆನ್ನುವವರು ಇನ್ನೊಂದು ಕಡೆ. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ಪಕ್ಷಗಳಿಗೂ ಒಂದು ಸಾಮ್ಯವಿದೆ. ಚರ್ಮದೊಳಕ್ಕೆ ಹೋಗುವ ವಸ್ತು ಯಾವುದು, ಅದು ಎಲ್ಲಿಂದ ಬಂದದ್ದು, ಎಷ್ಟು ಕಾಲ ಇರುತ್ತದೆ, ತಪ್ಪಿದರೆ ಏನಾಗುತ್ತದೆ, ತಪ್ಪನ್ನು ತಿದ್ದುವ ಉಪಾಯವೇನು ಎಂದು ವಿಚಾರಿಸುವ ಶ್ರಮವನ್ನು ಎರಡು ಪಕ್ಷದವರೂ ತೆಗೆದುಕೊಳ್ಳುವುದಿಲ್ಲ. ತಿರಸ್ಕಾರಕ್ಕೆ ವಿಚಾರದ ಅಗತ್ಯ ತೋರುವುದಿಲ್ಲ. ಸ್ವಾಮ್ಯದ ಅಭಿಮಾನಕ್ಕೂ ತೋರುವುದಿಲ್ಲ. ಅನಿಷ್ಟದ ಮೂಲವು ಚೆಲುವಿನ ಬಯಕೆಯಲ್ಲಿಲ್ಲ, ಆ ಬಯಕೆಯು ವಿಚಾರಿಸದೆಯೇ ಒಪ್ಪಿಗೆಯನ್ನು ಕೊಟ್ಟುಬಿಡುವುದರಲ್ಲಿದೆ ಎಂಬುದೇ ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮಾತು.

ನಮ್ಮ ಭಾಷೆಯ ಆದಿಕವಿಯಾದ ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗವೊಂದಿದೆ. ಆ ಕಾವ್ಯದ ನಾಯಕನಾದ ಪುರುದೇವನ ಸಭೆಯಲ್ಲಿ ಆ ಸುರಗಣಿಕೆಯು ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ಮುಗಿದು ಶರೀರವು ಕರಗಿಹೋಗುತ್ತದೆ. ರಸಭಂಗವಾಗದಿರಲೆಂದು ಇಂದ್ರನು ತತ್‌ಕ್ಷಣವೇ ಆಕೆಯಂಥದೇ ರೂಪವೊಂದನ್ನು ಆ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಸಭೆಯು ಅದನ್ನು ಕಾಣದು. ಕಂಡವನು ಪುರುದೇವನೊಬ್ಬನೇ, ಕಂಡು ವೈರಾಗ್ಯಪರನಾಗುತ್ತಾನೆ. ಈ ಪ್ರಸಂಗವನ್ನು ಸೌಂದರ್ಯನಿಂದೆಯೆಂದು ಓದುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪಂಪನು ಆ ನೃತ್ಯವನ್ನು ವರ್ಣಿಸುವಾಗ ತೋರುವ ತನ್ಮಯತೆಯನ್ನು ನೋಡಿದವರು ಅವನಿಗೆ ಚೆಲುವಿನಲ್ಲಿ ದ್ವೇಷವಿತ್ತೆಂದು ಹೇಳಲಾರರು. ಆ ಸಭೆಯ ಕೊರತೆಯು ಚೆಲುವನ್ನು ಮೆಚ್ಚಿದ್ದರಲ್ಲಿ ಇರಲಿಲ್ಲ. ಕಣ್ಣ ಮುಂದೆ ನಡೆದ ಬದಲಾವಣೆಯೊಂದು ಅದರ ಅರಿವಿಗೆ ಬಾರದೆ ಹೋದದ್ದರಲ್ಲಿ ಇತ್ತು. ವೈರಾಗ್ಯಕ್ಕೂ ಮೊದಲು ಪುರುದೇವನಿಗೆ ಉಂಟಾದದ್ದು ಅರಿವು.

ಇನ್ನು ಪುರಾಣೇತಿಹಾಸಗಳಿಗೆ ಬಂದರೆ, ಯೌವನವನ್ನು ಮರಳಿ ಪಡೆಯುವ ಆಸೆಯನ್ನು ಅವು ಒಂದೇ ದೃಷ್ಟಿಯಿಂದ ನೋಡಿಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಿಗೀಡಾದ ಯಯಾತಿಯು ತನ್ನ ಮಕ್ಕಳಲ್ಲಿ ಯೌವನವನ್ನು ಬೇಡಿದಾಗ ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಒಲ್ಲೆವೆಂದರು. ಕಿರಿಯವನಾದ ಪೂರು ಒಪ್ಪಿದನು. ತಂದೆಯ ಭೋಗದ ಬೆಲೆಯನ್ನು ಮಗನು ತೆತ್ತನು, ಭೋಗವಾದರೋ ತೃಪ್ತಿಯನ್ನು ಕೊಡಲಿಲ್ಲ. ಚ್ಯವನ ಋಷಿಯ ಕಥೆ ಬೇರೆಯ ಬಗೆಯದು. ವೃದ್ಧನಾದ ಆತನಿಗೆ ದೇವವೈದ್ಯರಾದ ಅಶ್ವಿನೀಕುಮಾರರು ತಾರುಣ್ಯವನ್ನು ಕೊಟ್ಟರು. ಪುರಾಣವು ಅದನ್ನು ನಿಂದಿಸಲಿಲ್ಲ, ಅಲ್ಲದೆ ಆತನ ಹೆಸರು ಒಂದು ರಸಾಯನಕ್ಕೆ ಅಂಟಿ ಇಂದಿಗೂ ನಮ್ಮ ಮನೆಗಳ ಅಲಮಾರಿಯಲ್ಲಿದೆ. ಚರಕಸಂಹಿತೆಯಲ್ಲಿ ವಯಃಸ್ಥಾಪನವೆಂಬ ದ್ರವ್ಯವರ್ಗವೇ ಪ್ರತ್ಯೇಕವಾಗಿ ಇರುವುದನ್ನು, ಸುಶ್ರುತನು ಹಸಿವು, ಬಾಯಾರಿಕೆ, ನಿದ್ರೆ, ಮರಣಗಳೊಡನೆ ಮುಪ್ಪನ್ನೂ ಸ್ವಾಭಾವಿಕ ವ್ಯಾಧಿಯೆಂದು ಎಣಿಸಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮುಪ್ಪಿನ ಚಿಹ್ನೆಗಳನ್ನು ತಗ್ಗಿಸಿಕೊಳ್ಳಬೇಕೆಂಬ ಇಚ್ಛೆಯೇ ಪಾಪವೆಂದು ನಮ್ಮ ಪರಂಪರೆ ಎಲ್ಲಿಯೂ ವಿಧಿಸಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಚ್ಯವನನ ಕಥೆಯಲ್ಲಿ ಮತ್ತೊಂದು ಅಂಶವುಂಟು, ಅದರ ಬಳಿ ನಾನು ಸ್ವಲ್ಪ ನಿಲ್ಲಬೇಕು. ಋಷಿಯೂ ಅಶ್ವಿನಿಗಳಿಬ್ಬರೂ ಸರೋವರದಲ್ಲಿ ಮುಳುಗಿ ಎದ್ದಾಗ ಮೂವರೂ ತದ್ರೂಪರಾಗಿದ್ದರು. ಆ ಮೂವರಲ್ಲಿ ತನ್ನ ಪತಿಯನ್ನು ಗುರುತಿಸಿ ವರಿಸಬೇಕಾದ ಕಠಿನ ಕಾರ್ಯವು ಸುಕನ್ಯೆಯ ಪಾಲಿಗೆ ಬಂತು. ತಾರುಣ್ಯವು ಮರಳಿ ಬರುವಾಗ ಮುಖಗಳೆಲ್ಲ ಒಂದೇ ಅಚ್ಚಿನವಾಗಿ ಬರಬಹುದೆಂಬುದನ್ನು ಅಷ್ಟು ಹಿಂದೆಯೇ ಕಲ್ಪಿಸಿದ ಕವಿಯ ಅಂತರ್ದೃಷ್ಟಿ ಆಶ್ಚರ್ಯಕರವಾದದ್ದು. ಉಬ್ಬಿದ ಕೆನ್ನೆ, ತುಂಬಿದ ತುಟಿ, ಚೂಪಾದ ಗಲ್ಲ ಇವುಗಳ ಒಂದೇ ಮಾದರಿಯನ್ನು ಹಿಡಿದು ಮುಖಗಳನ್ನು ತಿದ್ದುತ್ತ ಹೋದರೆ ಅಜ್ಜಿಯ ಗಲ್ಲ, ತಾಯಿಯ ನಗು, ಸೋದರತ್ತೆಯ ಹುಬ್ಬಿನ ಬಾಗು ಎಂದು ನೆಂಟರಿಷ್ಟರು ಮಗುವಿನ ಮುಖದಲ್ಲಿ ಹುಡುಕಿ ಸಂತೋಷಪಡುವ ಆ ಹೋಲಿಕೆಗಳು ಅಳಿಸಿಹೋಗುತ್ತವೆ. ಮುಖವನ್ನು ನಾವು ಹುಟ್ಟಿಸಿಕೊಂಡವರಲ್ಲ, ಪಡೆದವರು. ಅದನ್ನು ನಾವು ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಇತರರು ನೋಡುತ್ತಾರೆ, ಅದರಲ್ಲಿ ನಮ್ಮ ಕೋಪವನ್ನೂ ಕರುಣೆಯನ್ನೂ ಓದುತ್ತಾರೆ. ಶರಣರು ಶರೀರವನ್ನು ಪ್ರಸಾದಕಾಯವೆಂದು ಭಾವಿಸಿದ್ದರಲ್ಲಿ ಈ ಅರ್ಥ ಅಡಗಿದೆಯೆಂದು ನನಗೆ ತೋರುತ್ತದೆ: ಪ್ರಸಾದವನ್ನು ಕಾಲಲ್ಲಿ ಒದೆಯುವಂತಿಲ್ಲ, ಅದು ನನ್ನ ಸೊತ್ತೆಂದು ಮೆರೆಯುವಂತೆಯೂ ಇಲ್ಲ. ಒಬ್ಬರು ನಂಬಿ ಒಪ್ಪಿಸಿದ ನ್ಯಾಸವನ್ನು ನೋಡಿಕೊಳ್ಳುವವನು ಅದರ ಜೀರ್ಣೋದ್ಧಾರವನ್ನು ಮಾಡಿಸಬಹುದು. ಮಾಡಿಸುವುದಕ್ಕೆ ಮುನ್ನ ಏನನ್ನು, ಯಾರಿಂದ, ಯಾವ ದ್ರವ್ಯದಿಂದ ಎಂಬುದನ್ನು ತಿಳಿದುಕೊಳ್ಳುವ ಭಾರವು ಮಾತ್ರ ಅವನದೇ.

ಯಾವ ಕರ್ಮವನ್ನು ಮಾಡಹೊರಟರೂ ಮೊದಲು ಸಂಕಲ್ಪವನ್ನು ಹೇಳಿಕೊಳ್ಳುವುದು ನಮ್ಮ ಪದ್ಧತಿ. ದೇಶವನ್ನು, ಕಾಲವನ್ನು, ಕರ್ತೃವಿನ ಹೆಸರನ್ನು, ಉದ್ದೇಶವನ್ನು ಬಾಯಿಬಿಟ್ಟು ಉಚ್ಚರಿಸಿದ ಮೇಲೆಯೇ ಕರ್ಮವು ಪ್ರಾರಂಭವಾಗತಕ್ಕದ್ದು. ಮುಖಕ್ಕೆ ಸೂಜಿಯನ್ನು ತಾಗಿಸಿಕೊಳ್ಳುವವರಿಗೂ ಇಂಥ ಸಂಕಲ್ಪವೊಂದು ಅವಶ್ಯವೆಂಬ ದೃಷ್ಟಿಯಿಂದಲೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ದ್ರವ್ಯದಿಂದ ಆರಂಭಿಸೋಣ. ಈಗ ಅತಿ ಹೆಚ್ಚಾಗಿ ಬಳಕೆಯಲ್ಲಿರುವ ಫಿಲ್ಲರ್ ಹಯಾಲುರೋನಿಕ್ ಆಮ್ಲದಿಂದಾದದ್ದು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ದನದ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ಪಾರದರ್ಶಕ ಲೋಳೆಯಿಂದ ಇದನ್ನು ಮೊದಲು ಬೇರ್ಪಡಿಸಿದರು. ಅದು ಹೊರಗಿನ ವಸ್ತುವೇನೂ ಅಲ್ಲ. ಎಪ್ಪತ್ತು ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 15 ಗ್ರಾಮಿನಷ್ಟು ಅದು ಸದಾ ಇರುತ್ತದೆ, ಮತ್ತು ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವು ದಿನದಿನವೂ ಕರಗಿ ಹೊಸದಾಗಿ ಹುಟ್ಟುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಚರ್ಮಕ್ಕೆ ಮೃದುತ್ವವನ್ನೂ ತುಂಬುತನವನ್ನೂ ಕೊಡುವುದು ಅದರ ಧರ್ಮ. ಸಹಜಸ್ಥಿತಿಯಲ್ಲಿ ಅಷ್ಟು ಬೇಗ ಕರಗುವ ಈ ವಸ್ತುವು ತಿಂಗಳುಗಟ್ಟಲೆ ನಿಲ್ಲಬೇಕಾದರೆ ಅದರ ಎಳೆಗಳಿಗೆ ರಾಸಾಯನಿಕ ವಿಧಾನದಿಂದ ಪರಸ್ಪರ ಕೊಂಡಿ ಹಾಕಿ ಗಟ್ಟಿಯಾದ ಲೋಳೆಯನ್ನಾಗಿ ಮಾಡಬೇಕು. ಸಿರಿಂಜಿನಲ್ಲಿ ಬರುವುದು ಅದು. ಮುಖದ ಸ್ನಾಯುಗಳ ಚಲನೆಯನ್ನು ಕೆಲಕಾಲ ತಡೆಯುವ ಬೊಟಾಕ್ಸ್ ಬೇರೆ, ತಗ್ಗನ್ನು ತುಂಬುವ ಇದು ಬೇರೆ. ಎರಡನ್ನೂ ಒಂದೆಂದು ಭಾವಿಸಿ ವೈದ್ಯರಲ್ಲಿಗೆ ಹೋಗುವವರು ಅನೇಕರಿರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಆಹಾರದಲ್ಲಿ ಹಿಂಸೆಯ ಲೇಶವೂ ಸೋಂಕಬಾರದೆಂದು ನಡೆದುಕೊಳ್ಳುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಚರ್ಮದೊಳಕ್ಕೆ ಹೋಗುವ ವಸ್ತುವಿನ ಮೂಲವನ್ನು ಅವರು ಕೇಳಿದರೆ ಅದನ್ನು ಮೌಢ್ಯವೆನ್ನಲಾಗದು. ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ ಫಿಲ್ಲರ್ ದನದ ಚರ್ಮದ ಕೊಲಾಜನ್ನಿನಿಂದ ತಯಾರಾದದ್ದು. ಹಂದಿಯ ಕೊಲಾಜನ್ನಿನದೂ ಒಂದು ಕಾಲದಲ್ಲಿ ಬಂದಿತ್ತು. ಹಯಾಲುರೋನಿಕ್ ಆಮ್ಲವನ್ನೇ ಕೆಲವು ತಯಾರಿಕೆಗಳಲ್ಲಿ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗಿನ ಪ್ರಮುಖ ತಯಾರಿಕೆಗಳಲ್ಲಿ ಅದನ್ನು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ಪಡೆಯುತ್ತಾರೆ, ಆದಕಾರಣ ಆ ಶಂಕೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಆದರೆ ಇದರ ಜೊತೆಗೆ ಇನ್ನೊಂದನ್ನು ತಿಳಿದಿರಬೇಕು. ಈ ಫಿಲ್ಲರನ್ನು ಕರಗಿಸಬಲ್ಲ ಪ್ರತಿವಸ್ತುವೊಂದಿದೆ, ಹಯಾಲುರೋನಿಡೇಸ್ ಎಂದು ಅದರ ಹೆಸರು. ಅದರ ಹಲವು ತಯಾರಿಕೆಗಳು ಕುರಿಯ ಅಥವಾ ದನದ ಅಂಗದಿಂದ ತೆಗೆದವು. ಅಪಾಯದ ಗಳಿಗೆಯಲ್ಲಿ ಅದನ್ನು ಒಲ್ಲೆನೆನ್ನುವುದು ಚರ್ಮವನ್ನೋ ದೃಷ್ಟಿಯನ್ನೋ ಬಿಟ್ಟುಕೊಟ್ಟಂತೆ. ಪ್ರಾಣಾಪಾಯದಲ್ಲಿ ನಿಷಿದ್ಧವೂ ಗ್ರಾಹ್ಯವಾಗುತ್ತದೆಂದು ಆಪದ್ಧರ್ಮವನ್ನು ವಿಧಿಸಿದವರು ನಮ್ಮ ಶಾಸ್ತ್ರಕಾರರೇ. ಹೀಗಿರುವುದರಿಂದ, ಆ ಔಷಧವನ್ನು ಒಪ್ಪಲಾರೆನೆಂಬ ದೃಢವ್ರತವುಳ್ಳವರು ಫಿಲ್ಲರನ್ನೇ ಮುಟ್ಟದಿರುವುದು ಯುಕ್ತ. ಆಪತ್ತನ್ನು ತಾನಾಗಿ ಬರಮಾಡಿಕೊಂಡು ಆಮೇಲೆ ಆಪದ್ಧರ್ಮವನ್ನು ನಿರಾಕರಿಸುವುದರಲ್ಲಿ ಅರ್ಥವಿಲ್ಲ.

ಹಯಾಲುರೋನಿಕ್ ಆಮ್ಲದ್ದಲ್ಲದ ಫಿಲ್ಲರುಗಳೂ ಇವೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿಲ್ಯಾಕ್ಟಿಕ್ ಆಮ್ಲ ಮುಂತಾದವು ಬಹುಕಾಲ ನಿಲ್ಲುತ್ತವೆ. ಶಾಶ್ವತವಾಗಿ ನಿಲ್ಲುವವೂ ಇವೆ. ಇವುಗಳಿಗೆ ಆ ಕರಗಿಸುವ ಮದ್ದು ನಾಟುವುದಿಲ್ಲ. ಹೆಚ್ಚು ಕಾಲ ಉಳಿಯುವುದು ಹೆಚ್ಚು ಲಾಭವೆಂದು ನಮ್ಮ ಲೌಕಿಕಬುದ್ಧಿ ಹೇಳುತ್ತದೆ. ಹಿಂದಕ್ಕೆ ಬರುವ ದಾರಿ ತೆರೆದಿರುವುದೇ ಲಾಭವೆಂದು ವಿವೇಕ ಹೇಳುತ್ತದೆ. ಅದರಲ್ಲಿಯೂ ದ್ರವರೂಪದ ಸಿಲಿಕೋನನ್ನು ಮುಖಕ್ಕೆ ಚುಚ್ಚಿಸಿಕೊಳ್ಳುವ ಮಾತನ್ನು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬರುವುದೊಂದೇ ಕರ್ತವ್ಯ.

ಹಿಂದಕ್ಕೆ ಬರಲಾಗದ ದಾರಿಯಲ್ಲಿ ನಡೆದವರ ಚರಿತ್ರೆಯು ಒಂದು ಶತಮಾನಕ್ಕೂ ಮಿಕ್ಕಿದ್ದು. ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗರ್ಸುನಿ 1899ರಲ್ಲಿ ಪ್ಯಾರಾಫಿನ್ನನ್ನು ಸೂಜಿಯಿಂದ ದೇಹದೊಳಕ್ಕೆ ಇಳಿಸುವ ಕ್ರಮವನ್ನು ಆರಂಭಿಸಿದನು. ಕ್ರಮೇಣ ಮೇಣವು ಜಾರುವುದೂ ಗಂಟುಕಟ್ಟುವುದೂ ಹುಣ್ಣಾಗುವುದೂ ಗೊತ್ತಾಯಿತು. ಯೂರೋಪಿನ ಸಮಾಜದಲ್ಲಿ ತನ್ನ ರೂಪಕ್ಕೆ ಪ್ರಖ್ಯಾತಳಾಗಿದ್ದ ಗ್ಲಾಡಿಸ್ ಡೀಕನ್ ಎಂಬ ಅಮೆರಿಕನ್ ತರುಣಿ, ಮುಂದೆ ಮಾರ್ಲ್‌ಬರೋ ಪ್ರಭುವಿನ ಪತ್ನಿಯಾದವಳು, ತನ್ನ ಇಪ್ಪತ್ತರ ಹರೆಯದಲ್ಲಿಯೇ, ಗ್ರೀಕ್ ಶಿಲ್ಪದಲ್ಲಿರುವಂತೆ ಹಣೆಯಿಂದ ಮೂಗು ನೇರವಾಗಿ ಇಳಿಯಬೇಕೆಂದು ಮೂಗಿನ ಬುಡಕ್ಕೆ ಮೇಣವನ್ನು ಹಾಕಿಸಿಕೊಂಡಳು. ಮೇಣವು ಕೆಳಕ್ಕೆ ಸರಿದು ಗಲ್ಲದ ಕಡೆ ಇಳಿಯಿತು. ಆಕೆಯ ಕಣ್ಣುಗಳ ಚಿತ್ರವನ್ನು ಇಂಗ್ಲೆಂಡಿನ ಬ್ಲೆನಿಮ್ ಅರಮನೆಯ ಮುಖಮಂಟಪದ ಚಾವಣಿಯಲ್ಲಿ ಇಂದಿಗೂ ಕಾಣಬಹುದು; ಆ ಮುಖವನ್ನು ಮೊದಲಿನಂತೆ ಮಾಡುವ ಉಪಾಯ ಮಾತ್ರ ಆಕೆಯ ಜೀವಮಾನದಲ್ಲಿ ಯಾರಿಗೂ ತೋರಲಿಲ್ಲ. ಆಕೆಯನ್ನು ಮೂಢಳೆನ್ನುವ ಅಧಿಕಾರ ನಮಗಿಲ್ಲ. ಲೋಕವೇ ಕೊಂಡಾಡಿದ ಚೆಲುವೆಗೂ ತನ್ನ ಮುಖದಲ್ಲಿ ಕೊರತೆ ಕಂಡಿತೆಂದಮೇಲೆ ಸಾಮಾನ್ಯರಾದವರ ಮನಸ್ಸು ಎಷ್ಟು ನೋಯುತ್ತಿರಬೇಕೆಂಬುದನ್ನು ಅನುಕಂಪದಿಂದ ಊಹಿಸಬೇಕು.

ಮುಖವನ್ನು ತಿದ್ದುವ ಕೆಲಸವೆಲ್ಲ ವ್ಯಾಮೋಹವೆಂದು ತಿಳಿಯುವವರ ಎದುರಿಗೆ ನಮ್ಮ ನೆಲದ ಒಂದು ವೃತ್ತಾಂತವನ್ನು ಇಡುತ್ತೇನೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತಿನ ಗಾಡಿಯವನಾಗಿದ್ದ ಕಾವಸ್ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯವನಾದ ಒಬ್ಬ ದೇಶೀಯ ವೈದ್ಯನು ಅವನ ಹಣೆಯ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರಸಹಿತವಾಗಿ ಪ್ರಕಟವಾಗಿ, ಇಪ್ಪತ್ತು ವರ್ಷಗಳ ತರುವಾಯ ಜೋಸೆಫ್ ಕಾರ್ಪ್ಯೂ ಎಂಬ ಆಂಗ್ಲ ಶಸ್ತ್ರವೈದ್ಯನು ಅದೇ ಮಾರ್ಗವನ್ನು ಹಿಡಿದನು. ಮೂಗು ಹೋದವನಿಗೆ ಮೂಗನ್ನು ಕೊಟ್ಟದ್ದು ದೇಹಾಭಿಮಾನವನ್ನು ಬೆಳೆಸಿದಂತಾಯಿತೆಂದು ಯಾವ ಯತಿಯೂ ಹೇಳನು. ಅವನು ಮತ್ತೆ ಸಂತೆಗೆ ಹೋಗಿ ನಾಲ್ಕು ಜನರ ನಡುವೆ ನಿಲ್ಲುವಂತಾಯಿತು. ಫಿಲ್ಲರಿನ ಚರಿತ್ರೆಯಲ್ಲಿಯೂ ಇಂಥ ಪ್ರಸಂಗವುಂಟು. ಎಚ್.ಐ.ವಿ. ರೋಗಿಗಳಲ್ಲಿ ಕೆಲವರಿಗೆ ಕೆನ್ನೆಯ ಕೊಬ್ಬು ಕರಗಿಹೋಗಿ, ಮುಖವನ್ನು ನೋಡಿದ ಮಾತ್ರಕ್ಕೆ ಅಪರಿಚಿತರೂ ರೋಗವನ್ನು ಊಹಿಸುವಂತಾಗುತ್ತಿತ್ತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಪಾಲಿಲ್ಯಾಕ್ಟಿಕ್ ಆಮ್ಲದ ಫಿಲ್ಲರಿಗೆ ಒಪ್ಪಿಗೆ ಕೊಟ್ಟದ್ದು ಅವರಿಗಾಗಿ. ರೋಗವನ್ನು ತನ್ನೊಳಗೇ ಇಟ್ಟುಕೊಳ್ಳುವ ಮನುಷ್ಯಮಾತ್ರದ ಹಕ್ಕನ್ನು ಆ ಸೂಜಿಯು ಅವರಿಗೆ ಮರಳಿಸಿತು. ಅದನ್ನು ದಯೆಯೆಂದೇ ಕರೆಯಬೇಕು.

ದ್ರವ್ಯದ ತರುವಾಯ ದೇಶ. ಎಂದರೆ ಮುಖದಲ್ಲಿ ಸೂಜಿ ಇಳಿಯುವ ಸ್ಥಾನ. ಮುಖವು ರಕ್ತನಾಳಗಳ ದಟ್ಟವಾದ ಜಾಲ. ಮೂಗಿನ ಇಕ್ಕೆಲಗಳಲ್ಲಿಯೂ ಹುಬ್ಬುಗಳ ನಡುವೆಯೂ ಹಣೆಯಲ್ಲಿಯೂ ಹರಿಯುವ ಸಣ್ಣ ಧಮನಿಗಳು ಕಣ್ಣಿಗೆ ರಕ್ತವನ್ನೊಯ್ಯುವ ಧಮನಿಯೊಡನೆ ಕೂಡಿಕೊಂಡಿವೆ. ಸೂಜಿಯ ತುದಿ ಅರಿಯದೆ ಅವುಗಳಲ್ಲೊಂದರ ಒಳಹೊಕ್ಕು ಲೋಳೆಯನ್ನು ಒತ್ತಿದರೆ, ಅದು ರಕ್ತಪ್ರವಾಹಕ್ಕೆ ಎದುರಾಗಿ ಹಿಂದಕ್ಕೆ ಸರಿದು, ಒತ್ತಡವು ಸಡಿಲವಾದಾಗ ಪ್ರವಾಹದೊಡನೆ ಮುಂದೆ ಸಾಗಿ ಕಣ್ಣಿನ ಒಳಪರದೆಯ ನಾಳವನ್ನು ಮುಚ್ಚಬಲ್ಲದು. ಮುಚ್ಚಿದರೆ ದೃಷ್ಟಿಯನ್ನು ಉಳಿಸಿಕೊಳ್ಳುವ ಅವಕಾಶವು ನಿಮಿಷಗಳ ಲೆಕ್ಕದಲ್ಲಿರುತ್ತದೆ. ಕಳೆದುಹೋದ ದೃಷ್ಟಿ ಬಹುಪಾಲು ಮರಳುವುದಿಲ್ಲ. ಇದು ಅತಿ ವಿರಳವಾದ ಅಪಾಯ, ಆದರೂ ನಿಜವಾದ ಅಪಾಯ; 2015ರಲ್ಲಿ ಅಮೆರಿಕದ ಅದೇ ಸಂಸ್ಥೆಯು ಇದರ ಬಗ್ಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿತು. ಚರ್ಮಕ್ಕೆ ಹೋಗುವ ನಾಳವು ಮುಚ್ಚಿದರೆ ಆ ಭಾಗದ ಚರ್ಮ ಬಿಳಿಚಿ, ಅನಂತರ ಬಲೆಯಂಥ ನೀಲಿ ಗೆರೆಗಳೆದ್ದು, ಕಪ್ಪಾಗಿ ಸಾಯುತ್ತದೆ. ದನದ ಕಣ್ಣಿನಲ್ಲಿ ಮನುಷ್ಯನು ಮೊದಲು ಕಂಡುಹಿಡಿದ ವಸ್ತುವು ಕೈ ತಪ್ಪಿದಾಗ ಮನುಷ್ಯನ ಕಣ್ಣನ್ನೇ ಹಿಡಿಯುವುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗಂಭೀರವಾಗುತ್ತದೆ.

ನನ್ನ ತಂಗಿಯ ಮಗಳೊಬ್ಬಳು ಮೈಸೂರಿನಲ್ಲಿ ಶಾಲೆಯ ಉಪಾಧ್ಯಾಯಿನಿ. ದೀರ್ಘಕಾಲದ ಕಾಯಿಲೆಯೊಂದರಿಂದ ಎದ್ದ ಮೇಲೆ ಅವಳ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಅವಳ ಮಗಳ ಮದುವೆ ನಿಶ್ಚಯವಾಗಿತ್ತು. ಫಿಲ್ಲರ್ ಹಾಕಿಸಿಕೊಳ್ಳುವ ಯೋಚನೆಯನ್ನು ನನಗೆ ತಿಳಿಸಿ, “ಮಾವ, ನೀವು ತಪ್ಪು ಅಂದರೆ ಬಿಟ್ಟುಬಿಡ್ತೀನಿ” ಎಂದಳು. “ತಪ್ಪೋ ಒಪ್ಪೋ ಆಮೇಲೆ ನೋಡೋಣಮ್ಮ, ಏನು ಮಾಡ್ತಾರೆ ಅಂತ ಮೊದಲು ಕೇಳಿಕೊಂಡು ಬರೋಣ” ಎಂದು ನಾನೂ ಜೊತೆಗೆ ಹೋದೆನು. ಚರ್ಮವೈದ್ಯೆಯು ಮಧ್ಯವಯಸ್ಸಿನವರು, ನಾವು ಕೇಳಿದ್ದಕ್ಕಿಂತ ಹೆಚ್ಚಾಗಿ ಅವರೇ ನಮ್ಮನ್ನು ಕೇಳಿದರು. ರಕ್ತವನ್ನು ತಿಳಿಮಾಡುವ ಮಾತ್ರೆ, ಆಸ್ಪಿರಿನ್ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ, ತುಟಿಯ ಮೇಲೆ ಸರ್ಪಸುತ್ತಿನ ಜಾತಿಯ ಗುಳ್ಳೆಗಳು ಮತ್ತೆಮತ್ತೆ ಏಳುತ್ತವೆಯೇ, ಹಲ್ಲಿನಲ್ಲಿ ಕೀವಿದೆಯೇ, ಹಿಂದೆ ಎಲ್ಲಾದರೂ ಫಿಲ್ಲರ್ ಹಾಕಿಸಿದ್ದುಂಟೇ, ಮರಗಟ್ಟಿಸುವ ಮದ್ದು ಒಗ್ಗುತ್ತದೆಯೇ ಎಂದು ವಿಚಾರಿಸಿ, ಜೇನುಹುಳ ಕಚ್ಚಿದಾಗ ಮೈಯೆಲ್ಲ ಊದಿಕೊಂಡದ್ದುಂಟೇ ಎಂದೂ ಕೇಳಿದರು. ಆ ಕೊನೆಯ ಪ್ರಶ್ನೆ ನನಗೆ ವಿಚಿತ್ರವೆನಿಸಿತು. ಜೇನುಹುಳದ ವಿಷದಲ್ಲಿಯೂ ಆ ಕರಗಿಸುವ ಕಿಣ್ವವೇ ಇರುವುದೆಂದೂ, ಜೇನಿನ ವಿಷ ಒಗ್ಗದವರಿಗೆ ಆ ಮದ್ದೂ ಒಗ್ಗದಿರಬಹುದೆಂದೂ ಅವರು ವಿವರಿಸಿದರು. ಆಮೇಲೆ ಮೇಜಿನ ಮೇಲಿದ್ದ ಎರಡು ಸಣ್ಣ ಸೀಸೆಗಳನ್ನು ತೋರಿಸಿ, “ಇವು ಕೈಗೆ ಎಟುಕುವ ಹಾಗೆ ಇಲ್ಲದ ದಿನ ನಾನು ಸೂಜಿ ಹಿಡಿಯೋದಿಲ್ಲಮ್ಮ” ಎಂದರು. ಆ ಸೀಸೆಗಳಲ್ಲಿದ್ದದ್ದು ಅದೇ ಕಿಣ್ವ. ಬಳಿಕ ತಮ್ಮ ಹೆಬ್ಬೆರಳಿನಿಂದ ನನ್ನ ಸೋದರಸೊಸೆಯ ಕೆನ್ನೆಯನ್ನು ಅದುಮಿ ಹಿಡಿದು ಬಿಟ್ಟರು. ಬೆರಳು ಕುಳಿತಿದ್ದ ಜಾಗ ಬಿಳಿಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೆಂಪೇರಿತು. “ಇದು ಸರಿಯಾದ ಲೆಕ್ಕ. ಚುಚ್ಚಿದ ಮೇಲೆ ಮನೆಯಲ್ಲಿ ಹೀಗೆ ಒತ್ತಿ ನೋಡಿದಾಗ ಬಣ್ಣ ತಿರುಗಿ ಬರೋದು ತಡವಾದರೆ, ನೋವು ಜಾಸ್ತಿಯಾಗ್ತಾ ಹೋದರೆ, ಕಣ್ಣು ಮಂಜಾದರೆ ಬೆಳಗಿನ ತನಕ ಕಾಯಬೇಡಿ” ಎಂದರು. ಆ ದಿನ ಸೂಜಿಯನ್ನು ಎತ್ತಿಕೊಳ್ಳಲೇ ಇಲ್ಲ. ಹೋಗಿ ಯೋಚನೆ ಮಾಡಿಕೊಂಡು ಬನ್ನಿ ಎಂದು ಕಳುಹಿಸಿಬಿಟ್ಟರು.

ಆ ವೈದ್ಯೆಯ ನಡತೆಯಲ್ಲಿ ನಾನು ಪಾತ್ರತೆಯ ಲಕ್ಷಣವನ್ನು ಕಂಡೆನು. ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಗೀತೆಯಲ್ಲಿ ವಿಧಿಯಿದೆ. ತನ್ನ ಮುಖವನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕಿಂತ ದೊಡ್ಡ ದಾನವು ಬಹಳವಿಲ್ಲ. ಸೂಜಿಯನ್ನು ಹಿಡಿಯುವವರು ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿತರಾದ ವೈದ್ಯರೇ, ಚರ್ಮಶಾಸ್ತ್ರದಲ್ಲಿಯೋ ಪ್ಲಾಸ್ಟಿಕ್ ಸರ್ಜರಿಯಲ್ಲಿಯೋ ಶಿಕ್ಷಣ ಪಡೆದವರೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕಾಯಿದೆಯಂತೆ ನೋಂದಣಿ ಮಾಡಿಸಿರಬೇಕು. ಆ ನೋಂದಣಿಪತ್ರ ಗೋಡೆಯ ಮೇಲಿದೆಯೇ ಎಂದು ನೋಡಬಹುದು. ಹುಬ್ಬು ತೀಡುವುದಕ್ಕೆ ಹೋದಾಗ ಅದೇ ಕುರ್ಚಿಯ ಮೇಲೆ ತುಟಿಯನ್ನೂ ತುಂಬಿಕೊಡುತ್ತೇವೆನ್ನುವ ಪಾರ್ಲರುಗಳಿಗೆ, ಸೂಜಿಯೇ ಇಲ್ಲದೆ ಒತ್ತಡದಿಂದ ಲೋಳೆಯನ್ನು ಚರ್ಮದೊಳಕ್ಕೆ ಹಾರಿಸುವ ಪೆನ್ನುಗಳಿಗೆ, ಅಂಚೆಯಲ್ಲಿ ತರಿಸಿಕೊಂಡು ತಾನೇ ಚುಚ್ಚಿಕೊಳ್ಳುವ ಸಾಹಸಕ್ಕೆ ಯಾವ ಕಾರಣದಿಂದಲೂ ಒಡಂಬಡಬಾರದು. ಮುಚ್ಚಿದ್ದ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯಬೇಕು; ಹೆಸರು, ತಯಾರಿಕೆಯ ತಂಡದ ಸಂಖ್ಯೆ, ಅವಧಿ ಮುಗಿಯುವ ತಾರೀಖುಗಳುಳ್ಳ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆಯಬೇಕು.

ಇನ್ನು ಉದ್ದೇಶ. ಸಂಕಲ್ಪದಲ್ಲಿ ಅತಿ ಕಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ಉತ್ತರವನ್ನು ಕೊಡಬೇಕಾದವರೂ ಕೇಳಿಸಿಕೊಳ್ಳಬೇಕಾದವರೂ ಒಬ್ಬರೇ. ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಹುಡುಗಿಯ ಮೂಗನ್ನೋ ತುಟಿಯನ್ನೋ ಎತ್ತಿ ಆಡಿದ್ದಕ್ಕಾಗಿ ಕಣ್ಣೀರನ್ನು ನುಂಗಿಕೊಂಡು ಸೂಜಿಗೆ ಮುಖವೊಡ್ಡಿದ ತರುಣಿಯರ ವಿಚಾರ ನನ್ನ ಕಿವಿಗೆ ಬಿದ್ದಿದೆ. ಅಲ್ಲಿ ಸಂಕಲ್ಪ ಆ ಹುಡುಗಿಯದಲ್ಲ, ನೋಡಬಂದವರದು. ಯಯಾತಿಯ ಕಥೆಯಲ್ಲಿ ಭೋಗ ಒಬ್ಬರದು, ಬೆಲೆ ಇನ್ನೊಬ್ಬರದಾದಂತೆ ಇಲ್ಲಿಯೂ ಆಗುತ್ತದೆ. ಇಪ್ಪತ್ತು ತುಂಬದ ಹುಡುಗಿಯರ ಮುಖ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದರಲ್ಲಿ ಕೊರತೆಯನ್ನು ಹುಡುಕಿ ತೋರಿಸುವ ಹಿರಿಯರನ್ನು ಕಂಡರೆ ನನಗೆ ತಡೆಯಲಾರದಷ್ಟು ದುಃಖವಾಗುತ್ತದೆ. ಅಮೆರಿಕದಲ್ಲಿಯೂ ಈ ಫಿಲ್ಲರುಗಳಿಗೆ ಒಪ್ಪಿಗೆ ಕೊಟ್ಟಿರುವುದು ಪ್ರಾಪ್ತವಯಸ್ಕರಿಗೆ ಮಾತ್ರ. ಕಾಯಿಲೆಯಿಂದ ಬತ್ತಿದ ಮುಖವನ್ನು ಮದುವೆಯ ಚಪ್ಪರದಲ್ಲಿ ನೆಂಟರೆಲ್ಲರ ಮರುಕಕ್ಕೆ ಒಡ್ಡಲು ಇಷ್ಟವಿಲ್ಲವೆಂದು ನನ್ನ ಸೊಸೆ ಹೇಳಿದಾಗ ಆ ಮಾತು ಅವಳದೇ ಆಗಿತ್ತು, ಆದ್ದರಿಂದ ನಾನು ಬೇಡವೆನ್ನಲಿಲ್ಲ.

ಕಾಲದ ವಿಚಾರವಾಗಿ ಹೆಚ್ಚು ಬರೆಯಬೇಕಾಗಿಲ್ಲ. ತುಟಿಯಲ್ಲಿ ಆರು ತಿಂಗಳು, ಕೆನ್ನೆಯಲ್ಲಿ ಒಂದು ವರ್ಷ ಅಥವಾ ಅದಕ್ಕೂ ಮೇಲೆ ಇದು ನಿಲ್ಲುವುದು ಸಾಮಾನ್ಯ. ಉಳಿಸಿಕೊಳ್ಳಬೇಕಾದರೆ ಮತ್ತೆ ಮಾಡಿಸಬೇಕು, ಮತ್ತೆ ಹಣ ತೆರಬೇಕು. ಮೇಲುಪದರದಲ್ಲಿ ಹಾಕಿದರೆ ಚರ್ಮದ ಮೂಲಕ ನೀಲಿಛಾಯೆ ಕಾಣುವುದುಂಟು. ಊತವೂ ಕಂದುಗಟ್ಟಿದ ಕಲೆಯೂ ಇಳಿಯಲು ಒಂದೆರಡು ವಾರ ಬೇಕಾಗಬಹುದಾದ್ದರಿಂದ ಮುಹೂರ್ತದ ಹಿಂದುಮುಂದಿನ ದಿನಗಳಲ್ಲಿ ಮಾಡಿಸುವುದು ಅವಿವೇಕ. ಗರ್ಭಿಣಿಯರೂ ಮೊಲೆಯೂಡುವ ತಾಯಂದಿರೂ ಮುಖದಲ್ಲಿ ಸೋಂಕು ಇರುವವರೂ ಮುಂದಕ್ಕೆ ಹಾಕಬೇಕು. ತಿಂಗಳುಗಳ ಮೇಲೆಯೂ ಗಂಟು ಏಳಬಹುದು. ಎದ್ದರೆ ತೀಡಿ ಒತ್ತದೆ ವೈದ್ಯರಿಗೆ ತೋರಿಸಬೇಕು.

ನನ್ನ ಸೊಸೆ ಕೊನೆಗೆ, ಮದುವೆಗೆ ಒಂದೂವರೆ ತಿಂಗಳ ಮುಂಚೆ, ಕೆನ್ನೆಗಷ್ಟೇ ಮಾಡಿಸಿಕೊಂಡಳು. ಯಾರಿಗೂ ತಿಳಿಯಬಾರದೆಂಬುದು ಅವಳ ಆಸೆಯಾಗಿತ್ತು. ನಮ್ಮ ಸಮಾಜದಲ್ಲಿ ಇದನ್ನು ಮಾಡಿಸಿಕೊಳ್ಳುವವರಲ್ಲಿ ಹಲವರು ಗಂಡನಿಗೂ ಅತ್ತೆಗೂ ಮಕ್ಕಳಿಗೂ ಹೇಳದೆಯೇ ಮಾಡಿಸಿಕೊಳ್ಳುತ್ತಾರೆ. ಚೆಲುವನ್ನು ಬಯಸುವುದು ಪಾಪವೆಂದು ನಾವೆಲ್ಲ ಸೇರಿ ಬಿತ್ತಿದ ನಾಚಿಕೆಯೇ ಅದಕ್ಕೆ ಕಾರಣ. ಆ ನಾಚಿಕೆಯಿಂದ ಅಪಾಯವು ಇಮ್ಮಡಿಯಾಗುತ್ತದೆಂಬುದನ್ನು ಹೇಳಲೇಬೇಕು. ಅರ್ಧರಾತ್ರಿಯಲ್ಲಿ ಕೆನ್ನೆ ಬಿಳಿಚಿ ನೋಯತೊಡಗಿದರೆ, ಒಂದು ಕಣ್ಣು ಮಂಜಾದರೆ, ಮಾತು ತೊದಲಿದರೆ, ಆಸ್ಪತ್ರೆಗೆ ಒಯ್ಯುವವರಿಗೆ ಅದರ ಕಾರಣ ತಿಳಿದಿರದಿದ್ದಲ್ಲಿ ಅಲ್ಲಿನ ವೈದ್ಯರು ಬೇರೆಲ್ಲವನ್ನೂ ಹುಡುಕುತ್ತ ಇರುವ ಅಲ್ಪ ಸಮಯವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲೇಬೇಕೆಂದು ಆ ವೈದ್ಯೆಯು ಹಠ ಹಿಡಿದರು. ಅವಳು ಗಂಡನಿಗೆ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಸಿರಿಂಜಿನ ಚೀಟಿಯನ್ನೂ ವೈದ್ಯೆಯ ದೂರವಾಣಿ ಸಂಖ್ಯೆಯನ್ನೂ ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮೂರು ರಾತ್ರಿ ಮಲಗುವ ಮುನ್ನ ಹೆಂಡತಿಯ ಕೆನ್ನೆಯನ್ನು ಬೆರಳಿನಿಂದ ಅದುಮಿ ಬಣ್ಣ ತಿರುಗುವುದನ್ನು ನೋಡಿದರಂತೆ.